ಏರ್‌ಬ್ಯಾಗ್ ದೀಪ ಆರ್ತಾನೇ ಇಲ್ವಾ? ಆರಿಸೋ ಮೊದಲು ಇದನ್ನ ಕೇಳಿ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ಅಡುಗೆ ಮಾಡ್ತಾ ಕೇಳ್ತಿರೋರಿಗೆ, ಮುಖ್ಯವಾಗಿ ಕಾರು ಓಡಿಸ್ತಾ ಕೇಳ್ತಿರೋರಿಗೆ ಸ್ವಾಗತ. ಓಡಿಸ್ತಾ ಇರೋರು ಈಗಲೇ ಮೀಟರ್ ಕಡೆ ಬಗ್ಗಿ ನೋಡ್ಬೇಡಿ. ಗಾಡಿ ನಿಲ್ಲಿಸಿದ ಮೇಲೆ ನೋಡಿದ್ರೆ ಸಾಕು.

ನಾನು ಶಿವಮೊಗ್ಗದಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡ್ತೀನಿ. ವೈರಿಂಗ್, ಸೆನ್ಸರ್, ಸ್ಕ್ಯಾನಿಂಗ್, ಇದೇ ನನ್ನ ದಿನ. ನನಗೆ ಬರೋ ಫೋನ್‌ಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತೆ. "ಅಣ್ಣಾ, ಏರ್‌ಬ್ಯಾಗ್ ಲೈಟ್ ಬಂದಿದೆ. ಗಾಡಿ ಚೆನ್ನಾಗೇ ಓಡ್ತಿದೆ. ಲೈಟ್ ಒಂದು ಆರಿಸಿಕೊಡ್ತೀರಾ?"

ಗಮನಿಸಿ, ಯಾರೂ "ಏರ್‌ಬ್ಯಾಗ್ ಸರಿ ಮಾಡಿಕೊಡಿ" ಅಂತ ಕೇಳಲ್ಲ. "ಲೈಟ್ ಆರಿಸಿಕೊಡಿ" ಅಂತಾರೆ. ಈ ಎರಡೂ ಒಂದೇ ಕೆಲಸ ಅಲ್ಲ. ಅದರ ವ್ಯತ್ಯಾಸವೇ ಇವತ್ತಿನ ವಿಷಯ.

ಮೊದಲು ದೀಪ ಹೇಗಿರುತ್ತೆ ಅಂತ ನೋಡೋಣ. ಬೆಲ್ಟ್ ಹಾಕ್ಕೊಂಡು ಕೂತ ಒಬ್ಬ ಮನುಷ್ಯ, ಅವನ ಎದುರಿಗೆ ಒಂದು ದುಂಡು ಚೆಂಡು. ಕೆಲವು ಗಾಡಿಯಲ್ಲಿ ಕೆಂಪು, ಕೆಲವದರಲ್ಲಿ ಹಳದಿ. ಕೆಲವು ಕಡೆ ಎಸ್‌ಆರ್‌ಎಸ್ ಅಂತ ಬರೆದಿರುತ್ತೆ. ಆ ಮೂರಕ್ಷರದ ಅರ್ಥ, ಸೀಟ್ ಬೆಲ್ಟ್‌ಗೆ ಪೂರಕವಾಗಿ ಕೆಲಸ ಮಾಡೋ ರಕ್ಷಣಾ ವ್ಯವಸ್ಥೆ ಅಂತ. ಪೂರಕ ಅನ್ನೋದನ್ನ ನೆನಪಿಟ್ಕೊಳ್ಳಿ. ಬೆಲ್ಟ್ ಮುಖ್ಯ, ಏರ್‌ಬ್ಯಾಗ್ ಅದಕ್ಕೆ ಜೊತೆಗಾರ. ಬೆಲ್ಟ್ ಇಲ್ಲದೆ ಮುಂದಕ್ಕೆ ಹಾರಿದ ದೇಹಕ್ಕೆ ಉಬ್ಬುತ್ತಿರೋ ಏರ್‌ಬ್ಯಾಗೇ ಪೆಟ್ಟು ಕೊಡಬಹುದು.

ಕೀ ತಿರುಗಿಸಿದಾಗ, ಇನ್ನೂ ಸೆಲ್ಫ್ ಹೊಡೆಯೋ ಮೊದಲೇ, ಈ ದೀಪ ಹತ್ತಿಕೊಳ್ಳುತ್ತೆ. ಕೆಲವು ಸೆಕೆಂಡ್ ಉರಿದು ತಾನೇ ಆರುತ್ತೆ. ತುಂಬಾ ಗಾಡಿಗಳಲ್ಲಿ 6 ಸೆಕೆಂಡ್ ಆಸುಪಾಸು. ಆ ಹೊತ್ತಿನಲ್ಲಿ ಏರ್‌ಬ್ಯಾಗ್ ಇಸಿಯು, ಅಂದ್ರೆ ಅದರ ಪುಟ್ಟ ಕಂಪ್ಯೂಟರ್, ತನ್ನ ಎಲ್ಲ ಸರ್ಕ್ಯೂಟ್‌ಗಳನ್ನೂ ಒಂದು ಸುತ್ತು ನೋಡಿ ಬರುತ್ತೆ. ಎಲ್ಲ ಸರಿ ಇದ್ರೆ ದೀಪ ಆರಿಸುತ್ತೆ. ಎಲ್ಲಾದ್ರೂ ದೋಷ ಸಿಕ್ರೆ ಉರಿಯೋಕೆ ಬಿಡುತ್ತೆ. ಹಾಗಾಗಿ ಮೂರು ಸ್ಥಿತಿ ಇದೆ. ಹತ್ತಿ ಆರಿದ್ರೆ, ಕಂಪ್ಯೂಟರ್‌ಗೆ ದೋಷ ಕಂಡಿಲ್ಲ. ಆರದೇ ಉಳಿದ್ರೆ, ದೋಷ ಇದೆ. ಹತ್ತಲೇ ಇಲ್ಲ ಅಂದ್ರೆ, ಒಂದೋ ಆ ಗಾಡಿಗೆ ಏರ್‌ಬ್ಯಾಗೇ ಇಲ್ಲ, ಇಲ್ಲಾ ದೀಪ ಕೆಟ್ಟಿದೆ, ಇಲ್ಲಾ ಯಾರೋ ಬೇಕಂತಲೇ ಅದನ್ನ ಮುಚ್ಚಿದ್ದಾರೆ. ನನ್ನ ಕೇಳಿದ್ರೆ ಮೂರನೇದಕ್ಕೇ ಹೆಚ್ಚು ಹೆದರಬೇಕು.

ದೀಪ ಉರೀತಾ ಇದ್ರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಾ ಇಲ್ವಾ? ಗಾಡಿಯಿಂದ ಗಾಡಿಗೆ, ದೋಷದಿಂದ ದೋಷಕ್ಕೆ ಬೇರೆ. ಕೆಲವು ಸಲ ಒಂದು ಸರ್ಕ್ಯೂಟ್ ಮಾತ್ರ ಹೋಗಿರುತ್ತೆ, ಕೆಲವು ಸಲ ಇಡೀ ವ್ಯವಸ್ಥೆ ಮಲಗಿರುತ್ತೆ. ಹೊರಗಿನಿಂದ ನಿಮಗೆ ಗೊತ್ತಾಗಲ್ಲ. ಅದಕ್ಕೆ ನಾನು ಹೇಳೋದು, ದೀಪ ಉರೀತಿದ್ರೆ ಏರ್‌ಬ್ಯಾಗ್ ಇಲ್ಲ ಅಂದ್ಕೊಂಡೇ ಓಡಿಸಿ, ಬೇಗ ತೋರಿಸಿ.

ಈಗ ಒಳಗೆ ಏನಿದೆ ನೋಡೋಣ. ಮುಂದಿನ ಬಂಪರ್ ಹಿಂದೆ, ಕೆಲವು ಗಾಡಿಗಳಲ್ಲಿ ಪಕ್ಕದ ಕಂಬಗಳಲ್ಲೂ, ಸೆನ್ಸರ್ ಇರುತ್ತೆ. ಗೇರ್ ಲಿವರ್ ಆಸುಪಾಸು, ಮಧ್ಯದ ಕನ್ಸೋಲ್ ಕೆಳಗೆ ಸಾಮಾನ್ಯವಾಗಿ ಇಸಿಯು ಕೂತಿರುತ್ತೆ. ಸ್ಟೇರಿಂಗ್ ನಡುವೆ ಒಂದು ಬ್ಯಾಗ್, ಗ್ಲೋವ್ ಬಾಕ್ಸ್ ಮೇಲೆ ಇನ್ನೊಂದು. ಸೀಟ್ ಬೆಲ್ಟ್‌ನಲ್ಲಿ ಪ್ರಿಟೆನ್ಷನರ್ ಅಂತ ಒಂದಿದೆ, ಡಿಕ್ಕಿ ಆದ ಕ್ಷಣ ಬೆಲ್ಟನ್ನ ಗಬಕ್ಕನೆ ಎಳೆದು ನಿಮ್ಮನ್ನ ಸೀಟಿಗೆ ಒತ್ತುತ್ತೆ. ಬ್ಯಾಗ್ ಉಬ್ಬಿಸೋಕೆ, ಬೆಲ್ಟ್ ಎಳೆಯೋಕೆ ಒಂದೊಂದು ಸಣ್ಣ ಪಟಾಕಿ ಇದೆ ಅಂತಿಟ್ಕೊಳ್ಳಿ. ಅದಕ್ಕೆ ಬೆಂಕಿ ತಗುಲಿಸೋ ಭಾಗಕ್ಕೆ ಸ್ಕ್ವಿಬ್ ಅಂತೀವಿ. ಡಿಕ್ಕಿ ಆದಾಗ ಇಸಿಯು ಒಂದು ಆಂಪಿಯರ್ ಆಸುಪಾಸಿನ ಕರೆಂಟನ್ನ ಬರೀ ಕೆಲವು ಮಿಲಿಸೆಕೆಂಡ್ ಕಳಿಸುತ್ತೆ. ಅಷ್ಟಕ್ಕೇ ಬ್ಯಾಗ್ ತುಂಬಿಕೊಳ್ಳುತ್ತೆ, ಕಣ್ಣು ಮಿಟುಕಿಸೋದಕ್ಕಿಂತ ಬೇಗ.

ಇಲ್ಲೊಂದು ಗಟ್ಟಿ ಎಚ್ಚರಿಕೆ. ಯೂಟ್ಯೂಬ್ ನೋಡಿಕೊಂಡು ಮಲ್ಟಿಮೀಟರ್ ಹಿಡಿದು ಏರ್‌ಬ್ಯಾಗ್ ಕಪ್ಲರ್‌ಗೆ ಚುಚ್ಚೋಕೆ ಹೋಗ್ಬೇಡಿ. ರೆಸಿಸ್ಟೆನ್ಸ್ ಅಳೆಯುವಾಗ ಮೀಟರ್ ತಾನೇ ಸ್ವಲ್ಪ ಕರೆಂಟ್ ಕಳಿಸುತ್ತೆ. ಟೆಸ್ಟ್ ಲ್ಯಾಂಪ್ ಅಂತೂ ಬೇಡವೇ ಬೇಡ. ಮುಖ ಹತ್ರ ಇಟ್ಕೊಂಡು ಕೆಲಸ ಮಾಡ್ತಿರುವಾಗ ಬ್ಯಾಗ್ ಸಿಡಿದ್ರೆ ಕಣ್ಣು, ಕುತ್ತಿಗೆ ಉಳಿಯೋದು ಕಷ್ಟ. ಬ್ಯಾಟರಿ ತೆಗೆದ್ರೆ ಸಾಕು ಅಂತಾನೂ ಅಂದ್ಕೋಬೇಡಿ. ಡಿಕ್ಕಿಯಲ್ಲಿ ಬ್ಯಾಟರಿ ಕಡಿದುಹೋದ್ರೂ ಬ್ಯಾಗ್ ಬಿಚ್ಚಿಕೊಳ್ಳಲಿ ಅಂತ ಇಸಿಯು ಒಳಗೆ ಕೆಪಾಸಿಟರ್ ಇಟ್ಟಿರ್ತಾರೆ. ಅದರಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತೆ. ಎಷ್ಟು ನಿಮಿಷ ಕಾಯಬೇಕು ಅಂತ ಆಯಾ ಗಾಡಿಯ ಸರ್ವೀಸ್ ಪುಸ್ತಕದಲ್ಲಿ ಬರೆದಿರುತ್ತೆ. ಅಷ್ಟು ಕಾದ ಮೇಲೆಯೇ ನಾವು ಕೈ ಹಾಕೋದು. ಏರ್‌ಬ್ಯಾಗ್ ವೈರು, ಕಪ್ಲರ್‌ಗಳಿಗೆ ಹಳದಿ ಬಣ್ಣ ಕೊಟ್ಟಿರೋದೂ ಇದೇ ಕಾರಣಕ್ಕೆ. ಹಳದಿ ಕಂಡ್ರೆ ಕೈ ಹಿಂದೆ.

ಹಾಗಾದ್ರೆ ನೀವು ಮಾಡಬಹುದಾದ್ದು ಏನೂ ಇಲ್ವಾ? ಇದೆ. ಮುಖ್ಯವಾದದ್ದೇ ಇದೆ. ಗಾಡಿ ಬಂದ ತಕ್ಷಣ ನಾನು ಸ್ಕ್ಯಾನರ್ ಹಾಕಲ್ಲ, ಮೊದಲು ಒಂದು ಪ್ರಶ್ನೆ ಕೇಳ್ತೀನಿ. "ಲೈಟ್ ಬರೋ ಹಿಂದಿನ ದಿನ, ಹಿಂದಿನ ವಾರ ಗಾಡಿಗೆ ಏನಾಯ್ತು?" ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಒಂದು, ಗಾಡಿ ತೊಳೆಸಿದ್ರಾ? ಸೀಟ್ ಕವರ್ ಹಾಕಿಸಿದ್ರಾ? ಸೀಟು ಹಿಂದೆ ಮುಂದೆ ಮಾಡಿದ್ರಾ? ಮುಂದಿನ ಸೀಟಿನ ಕೆಳಗೆ ಹಳದಿ ಕಪ್ಲರ್ ಇರುತ್ತೆ. ಬೆಲ್ಟ್ ಬಕಲ್‌ಗೆ, ಕೆಲವು ಗಾಡಿಯಲ್ಲಿ ಸೀಟಿನ ಪಕ್ಕದ ಏರ್‌ಬ್ಯಾಗ್‌ಗೆ, ಸೀಟಿನಲ್ಲಿ ಯಾರಾದ್ರೂ ಕೂತಿದ್ದಾರಾ ಅಂತ ನೋಡೋ ಸೆನ್ಸರ್‌ಗೆ ವೈರು ಅಲ್ಲಿಂದ ಹೋಗುತ್ತೆ. ವ್ಯಾಕ್ಯೂಮ್ ಪೈಪ್ ಎಳೆದಾಗ, ಸೀಟಿನಡಿ ತುರುಕಿದ ಛತ್ರಿ ತಗುಲಿದಾಗ ಅದು ಸಡಿಲ ಆಗುತ್ತೆ. ನಮ್ಮ ಮಲೆನಾಡಲ್ಲಿ ಇನ್ನೊಂದಿದೆ. ಜೂನ್‌ನಿಂದ ಮೂರ್ನಾಲ್ಕು ತಿಂಗಳು ಒದ್ದೆ ಚಪ್ಪಲಿ, ಒದ್ದೆ ಮ್ಯಾಟ್. ಕಪ್ಲರ್ ಪಿನ್ನಿಗೆ ಹಸಿರು ಪಾಚಿ ತರ ಕಿಲುಬು ಹಿಡಿಯುತ್ತೆ. ಸ್ಕ್ವಿಬ್ ರೆಸಿಸ್ಟೆನ್ಸ್ ಇರೋದೇ ಎರಡು ಓಮ್ ಆಸುಪಾಸು. ಕಿಲುಬಿನಿಂದ ಇನ್ನೊಂದೆರಡು ಓಮ್ ಸೇರಿದ್ರೂ ಕಂಪ್ಯೂಟರ್‌ಗೆ ಅನುಮಾನ ಬರುತ್ತೆ, ದೀಪ ಹಚ್ಚುತ್ತೆ.

ಎರಡು, ಹಾರ್ನ್ ಕೆಲಸ ಮಾಡ್ತಿದ್ಯಾ? ಸ್ಟೇರಿಂಗ್ ಮೇಲಿನ ವಾಲ್ಯೂಮ್ ಬಟನ್? ಏರ್‌ಬ್ಯಾಗ್ ದೀಪದ ಜೊತೆ ಇವೂ ಕೈಕೊಟ್ಟಿದ್ರೆ ನನ್ನ ಮೊದಲ ಅನುಮಾನ ಕ್ಲಾಕ್ ಸ್ಪ್ರಿಂಗ್ ಮೇಲೆ. ಸ್ಟೇರಿಂಗ್ ಎಡಕ್ಕೆ ಬಲಕ್ಕೆ ಸುತ್ತುತ್ತಲ್ಲ, ಅದರೊಳಗಿನ ಏರ್‌ಬ್ಯಾಗ್‌ಗೆ ವೈರು ಹೋಗೋದು ಹೇಗೆ? ಗಡಿಯಾರದ ಸ್ಪ್ರಿಂಗ್ ತರ ಸುರುಳಿ ಸುತ್ತಿದ ಒಂದು ಚಪ್ಪಟೆ ಪಟ್ಟಿ ಇದೆ. ಸ್ಟೇರಿಂಗ್ ತಿರುಗಿದಂತೆ ಅದೂ ಬಿಗಿಯಾಗುತ್ತೆ, ಸಡಿಲ ಆಗುತ್ತೆ. ಹಾರ್ನು, ಬಟನ್ನು, ಏರ್‌ಬ್ಯಾಗು ಎಲ್ಲದರ ದಾರಿ ಅದೇ. ವರ್ಷಗಟ್ಟಲೆ ತಿರುಗಿ ಪಟ್ಟಿ ಸೀಳಿಕೊಳ್ಳುತ್ತೆ. ಸ್ಟೇರಿಂಗ್ ಬಿಚ್ಚಿ ಕೆಲಸ ಮಾಡಿದವರು ಆ ಸುರುಳಿಯನ್ನ ಸರಿಯಾಗಿ ನಡುವಿಗೆ ಕೂರಿಸದೇ ಹಾಕಿದ್ರೂ ಪೂರ್ತಿ ತಿರುಗಿಸಿದಾಗ ಕಿತ್ತುಹೋಗುತ್ತೆ. ಹಾಗಾಗಿ ಹಾರ್ನ್ ಒತ್ತಿ ನೋಡೋದು ಖರ್ಚಿಲ್ಲದ ಪರೀಕ್ಷೆ, ನೀವೇ ಮಾಡಬಹುದು.

ಮೂರು, ಬ್ಯಾಟರಿ ಇಳಿದಿತ್ತಾ? ಜಂಪ್ ಸ್ಟಾರ್ಟ್ ಮಾಡಿದ್ರಾ? ವೋಲ್ಟೇಜ್ ತೀರಾ ಕಮ್ಮಿ ಆದ್ರೆ ಇಸಿಯು ಅದನ್ನೂ ದೋಷ ಅಂತ ಬರೆದಿಡಬಹುದು. ಇಂಥ ಕಡೆ ಬ್ಯಾಟರಿ ಸರಿ ಮಾಡಿ, ಕೋಡ್ ಅಳಿಸಿ, ಮತ್ತೆ ಬರುತ್ತಾ ಅಂತ ನೋಡಿದ್ರೆ ಕೆಲಸ ಮುಗೀತು.

ನಾಲ್ಕು, ಬಂಪರ್ ಕೆಲಸ, ಟಿಂಕರಿಂಗ್ ಮಾಡಿಸಿದ್ರಾ? ಮುಂದಿನ ಸೆನ್ಸರ್ ಕಪ್ಲರ್ ವಾಪಸ್ ಹಾಕದೇ ಬಿಟ್ಟಿರೋದು ನಾನು ಎಷ್ಟೋ ಸಲ ನೋಡಿದ್ದೀನಿ. ಹಾಗೇ, ಮುಂದೆ ದಪ್ಪ ಸ್ಟೀಲ್ ಗಾರ್ಡ್ ಹಾಕಿಸೋ ಚಟ ಇದ್ಯಲ್ಲ, ಅದು ಡಿಕ್ಕಿಯ ಹೊಡೆತ ಸೆನ್ಸರ್‌ಗೆ ಮುಟ್ಟೋ ರೀತಿಯನ್ನೇ ಬದಲಾಯಿಸುತ್ತೆ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಇಲಾಖೆ ಇಂಥ ಗಾರ್ಡ್‌ಗಳ ವಿರುದ್ಧ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿತ್ತು.

ಐದು, ನೀರು ಮತ್ತು ಇಲಿ. ಇಲಿ ವೈರು ಕಡಿಯೋದು ನಿಮಗೆಲ್ಲ ಗೊತ್ತು. ನೀರಿನ ವಿಷಯ ಹೇಳ್ತೀನಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ನೀರು ನುಗ್ಗಿ ಬೇಸ್‌ಮೆಂಟ್‌ಗಳಲ್ಲಿ ಕಾರುಗಳು ಮುಳುಗಿದ್ವಲ್ಲ, ನೆನಪಿರಬಹುದು. ಏರ್‌ಬ್ಯಾಗ್ ಇಸಿಯು ಕೂತಿರೋದು ನೆಲದ ಮಟ್ಟದಲ್ಲಿ. ಕಾರೊಳಗೆ ನೀರು ಬಂದ್ರೆ ಮೊದಲು ನೆನೆಯೋದರಲ್ಲಿ ಅದೂ ಒಂದು. ಸೀಟು ಒಣಗಿಸಿ, ಸೆಂಟ್ ಹೊಡೆದು ಮಾರಿದ ಗಾಡಿಯಲ್ಲಿ ಮೂರು ತಿಂಗಳ ಮೇಲೆ ದೀಪ ಬರುತ್ತೆ.

ಇಷ್ಟು ಕೇಳಿಕೊಂಡ ಮೇಲೆ ಸ್ಕ್ಯಾನರ್. ಇಲ್ಲೂ ಒಂದು ಗೊಂದಲ ಇದೆ. ಆನ್‌ಲೈನ್‌ನಲ್ಲಿ ಸಿಗೋ ಅಗ್ಗದ ಬ್ಲೂಟೂತ್ ಓಬಿಡಿ ಡಬ್ಬಿ ಸಾಮಾನ್ಯವಾಗಿ ಓದೋದು ಎಂಜಿನ್ ಕೋಡ್‌ಗಳನ್ನ, ಅಂದ್ರೆ 'ಪಿ' ಅಕ್ಷರದಿಂದ ಶುರುವಾಗೋದು. ಏರ್‌ಬ್ಯಾಗ್ ಕೋಡ್‌ಗಳು 'ಬಿ'ಯಿಂದ ಶುರು. ಅದನ್ನ ಓದೋಕೆ ಆ ಕಂಪನಿಯ ಗಾಡಿಯ ಏರ್‌ಬ್ಯಾಗ್ ಮಾಡ್ಯೂಲ್ ಜೊತೆ ಮಾತಾಡೋ ಸ್ಕ್ಯಾನರ್ ಬೇಕು. ನಿಮ್ಮ ಮೊಬೈಲ್ ಆ್ಯಪ್ "ದೋಷ ಇಲ್ಲ" ಅಂತ ತೋರಿಸಿದ್ರೆ, ಅದು ಏರ್‌ಬ್ಯಾಗನ್ನ ನೋಡೇ ಇಲ್ಲ ಅಂತ ಅರ್ಥ ಇರಬಹುದು.

ಕೋಡ್ ಏನು ಹೇಳುತ್ತೆ? ಯಾವ ಸರ್ಕ್ಯೂಟು, ಎಂಥ ದೋಷ. ರೆಸಿಸ್ಟೆನ್ಸ್ ಜಾಸ್ತಿ ಅಂದ್ರೆ ಕಪ್ಲರ್ ಸಡಿಲ, ಕಿಲುಬು, ಇಲ್ಲಾ ವೈರು ಕಡಿದಿದೆ. ಕಮ್ಮಿ ಅಂದ್ರೆ ಎರಡು ವೈರು ಎಲ್ಲೋ ಒಂದಕ್ಕೊಂದು ತಾಗಿವೆ. ಬಾಡಿಗೆ ಶಾರ್ಟ್, ಬ್ಯಾಟರಿ ಲೈನ್‌ಗೆ ಶಾರ್ಟ್ ಅಂತಾನೂ ಬರುತ್ತೆ. ಕೋಡ್ ಈಗಲೂ ಇರೋದಾ, ಹಳೆಯದು ನೆನಪಲ್ಲಿ ಉಳಿದಿರೋದಾ ಅನ್ನೋದೂ ತಿಳಿಯುತ್ತೆ. ಆದರೆ ಕೋಡಲ್ಲಿ 'ಡ್ರೈವರ್ ಏರ್‌ಬ್ಯಾಗ್' ಅಂತ ಬಂದ ಮಾತ್ರಕ್ಕೆ ಏರ್‌ಬ್ಯಾಗ್ ಕೆಟ್ಟಿದೆ ಅಂತಲ್ಲ. ಇಸಿಯುವಿನಿಂದ ಬ್ಯಾಗ್‌ವರೆಗಿನ ದಾರಿಯಲ್ಲಿ ಎಲ್ಲೋ ತೊಂದರೆ ಇದೆ ಅಂತಷ್ಟೇ. ಅದಕ್ಕೆ ನಾವು ಬ್ಯಾಟರಿ ತೆಗೆದು, ಕಾದು, ಬ್ಯಾಗ್ ಕಳಚಿ ಪಕ್ಕಕ್ಕಿಟ್ಟು, ಅದರ ಜಾಗಕ್ಕೆ ಅಷ್ಟೇ ರೆಸಿಸ್ಟೆನ್ಸ್ ಇರೋ ಟೆಸ್ಟ್ ಲೋಡ್ ಹಾಕ್ತೀವಿ. ಮತ್ತೆ ಬ್ಯಾಟರಿ ಕೊಟ್ಟು ಸ್ಕ್ಯಾನ್ ಮಾಡಿದಾಗ ಕೋಡ್ ಹೋದ್ರೆ ದೋಷ ಬ್ಯಾಗ್ ಕಡೆ. ಹೋಗದಿದ್ರೆ ದೋಷ ದಾರಿಯಲ್ಲಿ. ಆಗ ಕ್ಲಾಕ್ ಸ್ಪ್ರಿಂಗ್ ಈಚೆಗೆ ಬಂದು ಅಲ್ಲಿ ನೋಡ್ತೀವಿ. ಒಂದೊಂದೇ ಹೆಜ್ಜೆ ಹೀಗೆ. ಕೋಡ್ ನೋಡಿದ ಐದೇ ನಿಮಿಷಕ್ಕೆ "ಏರ್‌ಬ್ಯಾಗ್ ಬದಲಾಯಿಸಬೇಕು" ಅಂದವರಿಗೆ "ಟೆಸ್ಟ್ ಲೋಡ್ ಹಾಕಿ ನೋಡಿದ್ರಾ?" ಅಂತ ಕೇಳಿ. ಆ ಒಂದು ಪ್ರಶ್ನೆ ನಿಮ್ಮ ಸಾವಿರಾರು ರೂಪಾಯಿ ಉಳಿಸಬಹುದು.

ಆ ಟೆಸ್ಟ್ ಲೋಡ್ ಪರೀಕ್ಷೆಗೆ ಮಾತ್ರ. ಅದನ್ನೇ ಮೋಸಕ್ಕೆ ಬಳಸೋರಿದ್ದಾರೆ. ಈ ಸಂಚಿಕೆ ಮಾಡೋಕೆ ಕಾರಣವೇ ಅದು.

ಹೋದ ವರ್ಷ ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ನಾಲ್ಕು ವರ್ಷದ ಮಗು. ಎಂಟು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ರು. ಎರಡು ಏರ್‌ಬ್ಯಾಗ್ ಇರೋ ಮಾಡೆಲ್ ಅಂತಾನೇ ಹುಡುಕಿ ತಗೊಂಡಿದ್ದು. ಕೀ ಹಾಕಿದ್ರೆ ದೀಪ ಹತ್ತಿ ಆರ್ತಿತ್ತು, ಎಲ್ಲ ಸರಿ. ಆಮೇಲೆ ಕೆಟ್ಟ ರೋಡಲ್ಲಿ ಹೋದಾಗ ಮಾತ್ರ ದೀಪ ಬರೋಕೆ ಶುರುವಾಯ್ತು. ಸ್ಕ್ಯಾನ್ ಮಾಡಿದೆ. ಪ್ಯಾಸೆಂಜರ್ ಕಡೆ ಸರ್ಕ್ಯೂಟ್, ರೆಸಿಸ್ಟೆನ್ಸ್ ಜಾಸ್ತಿ. ಗ್ಲೋವ್ ಬಾಕ್ಸ್ ಇಳಿಸಿ ಟಾರ್ಚ್ ಹಾಕಿ ನೋಡಿದೆ. ಹಳದಿ ಕಪ್ಲರ್ ತುದಿಯಲ್ಲಿ ಕಪ್ಪು ಟೇಪ್ ಸುತ್ತಿದ ಒಂದು ಪುಟ್ಟ ರೆಸಿಸ್ಟರ್. ಅದರ ಬೆಸುಗೆ ಬಿಟ್ಟುಕೊಂಡು ಅಲ್ಲಾಡ್ತಿತ್ತು. ಮೇಲೆ ಏರ್‌ಬ್ಯಾಗ್ ಇರಬೇಕಾದ ಜಾಗ ಖಾಲಿ.

ಅಂದ್ರೆ ಆ ಗಾಡಿಗೆ ಹಿಂದೆ ಯಾವಾಗಲೋ ಡಿಕ್ಕಿ ಆಗಿ ಬ್ಯಾಗ್ ಬಿಚ್ಚಿತ್ತು. ಹೊಸದು ಹಾಕೋ ಬದಲು ಯಾರೋ ರೆಸಿಸ್ಟರ್ ಹಾಕಿ, ಡ್ಯಾಶ್‌ಬೋರ್ಡ್ ಕವರ್ ಬದಲಾಯಿಸಿ ಮಾರಿದ್ರು. ಕಂಪ್ಯೂಟರ್ ಎರಡು ಓಮ್ ನೋಡಿ ಬ್ಯಾಗ್ ಇದೆ ಅಂದ್ಕೊಂಡು ದಿನಾ ದೀಪ ಆರಿಸ್ತಿತ್ತು.

ಕರೆದು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ ಅಂದ್ರು, "ಹೋಗ್ಲಿ ಬಿಡಿ, ಓಡಿಸೋನು ನಾನೇ. ಡ್ರೈವರ್ ಕಡೆದು ಇದ್ಯಲ್ಲ?" ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ ಮೆಲ್ಲಗೆ ಕೇಳಿದ್ರು, "ಹಾಗಾದ್ರೆ ಇಷ್ಟು ದಿನ ನಾನು ಕೂತಿದ್ದು?" ಯಾರೂ ಮಾತಾಡಲಿಲ್ಲ.

ಹೊಸ ಬ್ಯಾಗಿನ ರೇಟ್ ಕೇಳಿ ಅವರಿಗೆ ಅವತ್ತೇ ಕೊಡೋಕೆ ಆಗಲಿಲ್ಲ. "ಅದೇ ರೆಸಿಸ್ಟರ್ ಸರಿಯಾಗಿ ಬೆಸುಗೆ ಹಾಕಿಕೊಡಿ, ಆಮೇಲೆ ನೋಡೋಣ" ಅಂದ್ರು. ನಾನು ಆಗಲ್ಲ ಅಂದೆ. ರೆಸಿಸ್ಟರ್ ಕಿತ್ತು ಅವರ ಕೈಗೇ ಕೊಟ್ಟೆ. "ದೀಪ ಉರೀತಾ ಇರ್ಲಿ ಸಾರ್. ಈಗ ಅದು ನಿಜ ಹೇಳ್ತಿದೆ. ಬ್ಯಾಗ್ ಹಾಕಿಸೋವರೆಗೂ ಎರಡೂ ಇಲ್ಲ ಅಂದ್ಕೊಂಡು ನಿಧಾನಕ್ಕೆ ಓಡಿಸಿ. ಮೇಡಂ, ಮಗು ಹಿಂದಿನ ಸೀಟಲ್ಲಿ, ಬೆಲ್ಟ್ ಹಾಕ್ಕೊಂಡು" ಅಂದೆ. ಅವರಿಗೆ ಸಿಟ್ಟೂ ಬಂತು, ದುಡ್ಡು ಕೀಳೋಕೆ ಹೇಳ್ತಿದ್ದೀನಿ ಅಂತ ಅನುಮಾನವೂ ಬಂದಿರಬೇಕು. ಐದನೇ ವಾರ ಬಂದು ಹೊಸದು ಹಾಕಿಸಿದ್ರು. ಡಿಕ್ಕಿಯ ದಾಖಲೆ ಹೊತ್ತಿದ್ದ ಹಳೇ ಇಸಿಯುವನ್ನೂ, ಪ್ರಿಟೆನ್ಷನರ್ ಹಾರಿಹೋಗಿದ್ದ ಬೆಲ್ಟನ್ನೂ ಬದಲಾಯಿಸಬೇಕಾಯ್ತು.

ಸೆಕೆಂಡ್ ಹ್ಯಾಂಡ್ ತಗೊಳ್ಳೋರೇ, ಹಾಗಾಗಿ ದೀಪ ಆರಿತು ಅಂತ ಅಲ್ಲಿಗೇ ಬಿಡಬೇಡಿ. ಸ್ಟೇರಿಂಗ್ ನಡುವಿನ ಕವರ್, ಡ್ಯಾಶ್‌ಬೋರ್ಡ್ ಬಣ್ಣ, ಹೊಲಿಗೆ ಉಳಿದ ಭಾಗಕ್ಕೆ ಹೊಂದುತ್ತಾ ನೋಡಿ. ಬೆಲ್ಟ್ ಪೂರ್ತಿ ಎಳೆದು ಬಿಡಿ, ಸಲೀಸಾಗಿ ಒಳಗೆ ಹೋಗಬೇಕು. ಇನ್ಶೂರೆನ್ಸ್ ಕ್ಲೇಮ್ ಇತಿಹಾಸ, ಸರ್ವೀಸ್ ದಾಖಲೆ ಕೇಳಿ. ಗೊತ್ತಿರೋ ಎಲೆಕ್ಟ್ರಿಷಿಯನ್ ಕೈಲಿ ಗ್ಲೋವ್ ಬಾಕ್ಸ್ ಇಳಿಸಿ ನೋಡಿಸಿ. ಗಾಡಿ ಯಾವ ವರ್ಷದ್ದು ಅನ್ನೋದೂ ಮುಖ್ಯ. ನಮ್ಮ ದೇಶದಲ್ಲಿ ಡ್ರೈವರ್ ಏರ್‌ಬ್ಯಾಗ್ ಎಲ್ಲ ಕಾರಿಗೂ ಕಡ್ಡಾಯ ಆಗಿದ್ದು 2019ರ ಜುಲೈ 1ರಿಂದ. ಪಕ್ಕದ ಸೀಟಿನದು ಹೊಸ ಮಾಡೆಲ್‌ಗಳಿಗೆ 2021ರ ಏಪ್ರಿಲ್‌ನಿಂದ, ಆಗಲೇ ಮಾರಾಟದಲ್ಲಿದ್ದ ಮಾಡೆಲ್‌ಗಳಿಗೆ 2021ರ ಕೊನೆಯವರೆಗೆ ಗಡುವು ಇತ್ತು. ಅದಕ್ಕಿಂತ ಹಳೇ ಗಾಡಿಯಲ್ಲಿ ಒಂದೇ ಇರಬಹುದು, ಇಲ್ಲದೆಯೂ ಇರಬಹುದು.

ದೀಪಕ್ಕೆ ಗೊತ್ತೇ ಆಗದ ದೋಷವೂ ಇದೆ. ಜಪಾನಿನ ಟಕಾಟ ಕಂಪನಿಯ ಹೆಸರು ಕೇಳಿರಬಹುದು. ಅವರ ಇನ್‌ಫ್ಲೇಟರ್‌ನಲ್ಲಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ, ತೇವಕ್ಕೆ ಕೆಟ್ಟು, ಬ್ಯಾಗ್ ಬಿಚ್ಚುವಾಗ ಲೋಹದ ಡಬ್ಬಿಯೇ ಒಡೆದು ಚೂರುಗಳು ಜನರಿಗೆ ಚುಚ್ಚಿದ್ವು, ಜನ ಸತ್ತರು. ಅಮೆರಿಕದ ಇತಿಹಾಸದಲ್ಲೇ ಅತಿ ದೊಡ್ಡ ವಾಹನ ರೀಕಾಲ್ ಅದು. 2017ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕ್ತು. ಭಾರತದಲ್ಲೂ ಹೋಂಡಾ, ಟೊಯೋಟಾ ಕಾರುಗಳನ್ನ ಇದಕ್ಕಾಗಿ ವಾಪಸ್ ಕರೆದಿದ್ರು. ಆ ಗಾಡಿಗಳಲ್ಲಿ ವೈರು, ರೆಸಿಸ್ಟೆನ್ಸ್ ಎಲ್ಲ ಸರಿ ಇದ್ರೆ ದೀಪ ಬರಲ್ಲ. ಇಂಥದ್ದು ತಿಳಿಯೋದು ರೀಕಾಲ್ ಪಟ್ಟಿಯಿಂದ ಮಾತ್ರ. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಏರ್‌ಬ್ಯಾಗ್ ಕಂಟ್ರೋಲರ್ ಪರೀಕ್ಷೆಗೆ 17,362 ಗಾಡಿಗಳನ್ನ ಕರೆದಿತ್ತು, ಬೇಕಿದ್ದ ಕಡೆ ಉಚಿತವಾಗಿ ಬದಲಾಯಿಸಿಕೊಡ್ತೀವಿ ಅಂತ. ನಿಮ್ಮ ಆರ್‌ಸಿಯಲ್ಲಿ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಇದೆ. ಕಂಪನಿಯ ವೆಬ್‌ಸೈಟಲ್ಲಿ ಹಾಕಿ ನೋಡಿ, ಇಲ್ಲಾ ಶೋರೂಮ್‌ಗೆ ಫೋನ್ ಮಾಡಿ ಕೇಳಿ. ಸೆಕೆಂಡ್ ಹ್ಯಾಂಡ್ ಆದ್ರಂತೂ ಖಂಡಿತ ಕೇಳಿ, ಯಾಕಂದ್ರೆ ರೀಕಾಲ್ ಪತ್ರ ಹಳೇ ಮಾಲೀಕರ ವಿಳಾಸಕ್ಕೆ ಹೋಗಿರುತ್ತೆ.

ಮುಗಿಸೋ ಮೊದಲು ಮೂರು ಸಣ್ಣ ಮಾತು. ಡ್ಯಾಶ್‌ಬೋರ್ಡ್ ಮೇಲೆ ಗಣಪತಿ ಮೂರ್ತಿ, ಸೆಂಟ್ ಬಾಟಲಿ ಅಂಟಿಸ್ತೀವಿ. ಎಡಗಡೆ ಏರ್‌ಬ್ಯಾಗ್ ಅಂತ ಬರೆದಿರೋ ಜಾಗದ ಮೇಲೆ ಬೇಡ. ಬ್ಯಾಗ್ ಉಬ್ಬಿದ್ರೆ ಅದು ನೇರ ಮುಖಕ್ಕೇ ಬರೋದು. ದೇವರನ್ನ ಬೇರೆ ಕಡೆ ಕೂರಿಸಿ, ಬೇಜಾರು ಮಾಡ್ಕೊಳ್ಳಲ್ಲ. ಎರಡನೇದು, ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ರೆ ಪೂರ್ತಿ ಹೊಲಿದ ಸೀಟ್ ಕವರ್ ಹಾಕಿಸಬೇಡಿ, ಪಕ್ಕ ಬಿಚ್ಚಿಕೊಳ್ಳೋ ತರದ್ದು ಕೇಳಿ. ಮೂರನೇದು, ಹಿಮ್ಮುಖ ಮಾಡಿ ಕೂರಿಸೋ ಮಗುವಿನ ಸೀಟನ್ನ ಏರ್‌ಬ್ಯಾಗ್ ಚಾಲೂ ಇರೋ ಮುಂದಿನ ಸೀಟಿಗೆ ಯಾವತ್ತೂ ಹಾಕಬೇಡಿ. ಪ್ಯಾಸೆಂಜರ್ ಏರ್‌ಬ್ಯಾಗ್ ಆಫ್ ಅಂತ ಬರೋ ದೀಪ ಬೇರೆ, ಈ ಎಚ್ಚರಿಕೆ ದೀಪ ಬೇರೆ. ಎರಡನ್ನೂ ಗೊಂದಲ ಮಾಡ್ಕೋಬೇಡಿ.

ನಾಳೆ ಬೆಳಗ್ಗೆ ಒಂದು ಕೆಲಸ ಮಾಡಿ. ಕೀ ತಿರುಗಿಸಿ, ಸೆಲ್ಫ್ ಹೊಡೆಯೋ ಮೊದಲು ಸುಮ್ಮನೆ ಹತ್ತು ಎಣಿಸಿ. ದೀಪ ಹತ್ತಿತಾ, ಆರಿತಾ ನೋಡಿ. ಹಾರ್ನ್ ಒಂದು ಸಲ ಒತ್ತಿ. ಅಪ್ಪನ ಕಾರು, ಸ್ನೇಹಿತರ ಕಾರು, ದಿನಾ ಹೋಗೋ ಕ್ಯಾಬ್ ಕೂಡ ಒಂದು ಸಲ ನೋಡಿ. ಏನಾದ್ರೂ ಬೇರೆ ಕಂಡ್ರೆ, "ಲೈಟ್ ಆರಿಸಿಕೊಡಿ" ಅಂತ ಕೇಳಬೇಡಿ. "ಯಾಕೆ ಉರೀತಿದೆ ಹೇಳಿ" ಅಂತ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬೆಲ್ಟ್ ಹಾಕ್ಕೊಳ್ಳಿ, ನಮಸ್ಕಾರ.